ತಟಸ್ಥನಿಗೆ ತಟವೆಲ್ಲಿ?

ಯಾವ ಕಡೆಗೂ ಸೇರದವನನ್ನು ಹೇಳುವುದಕ್ಕೆ ನಮ್ಮಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ: ತಟಸ್ಥ, ಮಧ್ಯಸ್ಥ, ನಿಷ್ಪಕ್ಷಪಾತಿ. ಒಂದರ ಬದಲು ಮತ್ತೊಂದನ್ನು ಆಡುತ್ತೇವೆ. ದಿನದ ವ್ಯವಹಾರದಲ್ಲಿ ಅದರಿಂದ ನಷ್ಟವೇನೂ ಇಲ್ಲ. ಆದರೆ ಮಾತನ್ನು ಬಿಡಿಸಿ ನೋಡಿದರೆ ಇವರು ಮೂವರು ಬೇರೆ ಬೇರೆ ಮನುಷ್ಯರು. ತಟಸ್ಥನೆಂದರೆ ದಡದ ಮೇಲೆ ನಿಂತವನು. ಹೊಳೆ ಹರಿಯುತ್ತಿದೆ, ಈಜುವವರು ಈಜುತ್ತಿದ್ದಾರೆ, ಮುಳುಗುವವರು ಮುಳುಗುತ್ತಿದ್ದಾರೆ; ಇವನ ಪಂಚೆಯ ಅಂಚೂ ನೆನೆದಿಲ್ಲ. ಮಧ್ಯಸ್ಥ ಇಬ್ಬರ ನಡುವೆ ನಿಂತವನು. ಎರಡು ಕಡೆಯ ಪೆಟ್ಟೂ ಅವನಿಗೆ ತಗಲಬಹುದು, ತಗಲುವುದೇ ಹೆಚ್ಚು. ನಿಷ್ಪಕ್ಷಪಾತಿಯಾದವನು ಎಲ್ಲಿ ನಿಂತಿದ್ದಾನೆಂಬುದನ್ನು ಆ ಮಾತು ಹೇಳುವುದೇ ಇಲ್ಲ. ಎಲ್ಲಿಯೇ ನಿಂತಿರಲಿ, ಅವನು ವಾಲುವುದಿಲ್ಲ ಎಂದಷ್ಟೇ ಹೇಳುತ್ತದೆ.

ಈ ವ್ಯತ್ಯಾಸ ಬರಿಯ ನಿಘಂಟಿನದಲ್ಲ. ಒಂದು ನಾಡಿನ ಜನ ತಾವು ಬೇರೆ ದೇಶವಾಗಬೇಕೆ, ಬೇಡವೆ ಎಂಬುದನ್ನು ಮತ ಹಾಕಿ ತೀರ್ಮಾನಿಸಲು ಹೊರಟಾಗ, ಆ ಸಮಾಚಾರವನ್ನು ಪ್ರತಿ ಸಂಜೆಯೂ ಟೆಲಿವಿಷನ್ನಿನಲ್ಲಿ ಕುಳಿತು ಹೇಳಬೇಕಾದ ಮನುಷ್ಯ ಈ ಮೂವರಲ್ಲಿ ಯಾರಾಗಬೇಕು? ಸಾಮಾನ್ಯ ಚುನಾವಣೆಯಲ್ಲಾದರೆ ದಡವೊಂದು ಇದೆ. ಈ ಪಕ್ಷ ಗೆಲ್ಲಲಿ, ಆ ಪಕ್ಷ ಗೆಲ್ಲಲಿ, ದೇಶ ಅಲ್ಲೇ ಇರುತ್ತದೆ. ವಾರ್ತೆ ಹೇಳುವವನು ಅದರ ಮೇಲೆ ಕಾಲೂರಿ ನಿಲ್ಲಬಹುದು. ದೇಶವೇ ಪ್ರಶ್ನೆಯಾದಾಗ ಆ ದಡವೂ ಹೊಳೆಯ ಪಾಲಾಗುತ್ತದೆ.

1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದ ಸ್ಕಾಟ್ಲೆಂಡು 2014ನೆಯ ಸೆಪ್ಟೆಂಬರ್ 18ರಂದು ಈ ಪ್ರಶ್ನೆಯನ್ನು ತನ್ನ ಜನದ ಮುಂದಿಟ್ಟಿತು. 16 ವರ್ಷ ತುಂಬಿದ ಹುಡುಗ ಹುಡುಗಿಯರಿಗೂ ಮತವಿತ್ತು. ಮತದಾರರಲ್ಲಿ ನೂರಕ್ಕೆ 84.6ರಷ್ಟು ಮಂದಿ ಬಂದು ಮತ ಹಾಕಿದರು. ಬೇಡವೆಂದವರು 20,01,926, ಬೇಕೆಂದವರು 16,17,989. ಅಂದರೆ ಶೇಕಡಾ 55.3 ಮತ್ತು 44.7. ಕೊನೆಯ ಲೆಕ್ಕದಲ್ಲಿ ಅಂತರ ಅಷ್ಟೇನೂ ಕಿರಿದಲ್ಲ. ಆದರೆ ಮತದಾನಕ್ಕೆ ಹನ್ನೊಂದು ದಿನ ಉಳಿದಿದ್ದಾಗ, ಸೆಪ್ಟೆಂಬರ್ 7ರ ಭಾನುವಾರ, ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆ, ಇನ್ನೂ ಮನಸ್ಸು ಗಟ್ಟಿ ಮಾಡದವರನ್ನು ಬಿಟ್ಟು ಲೆಕ್ಕ ಹಾಕಿ, ಬೇಕೆನ್ನುವವರು 51, ಬೇಡವೆನ್ನುವವರು 49 ಎಂದು ಸಾರಿತ್ತು. ಆ ಹನ್ನೊಂದು ದಿನ ವಾರ್ತೆ ಓದಿದವರು ತಕ್ಕಡಿಯ ಮುಳ್ಳಿನ ಮೇಲೆಯೇ ಕುಳಿತಿದ್ದರೆಂದು ಹೇಳಬಹುದು. ಕೆಮ್ಮಿದರೂ ಮುಳ್ಳು ಅಲುಗುವ ಕಾಲ ಅದು.

ಪ್ರಶ್ನೆಯನ್ನು ಬರೆದವರು ಎಷ್ಟು ಎಚ್ಚರ ವಹಿಸಿದ್ದರೆಂಬುದನ್ನು ಮೊದಲು ನೋಡಬೇಕು. ಸ್ಕಾಟ್ಲೆಂಡಿನ ಸರ್ಕಾರ ಮೊದಲು ಬರೆದಿದ್ದ ವಾಕ್ಯ 'ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ?' ಎಂಬ ಅರ್ಥದ್ದು. ಚುನಾವಣಾ ಆಯೋಗ ಅದನ್ನು ಪರೀಕ್ಷಿಸಿ, 'ಒಪ್ಪುತ್ತೀರಾ' ಎಂಬ ಮಾತು ಓದುವವನನ್ನು ಹೌದೆನ್ನುವ ಕಡೆಗೆ ತಳ್ಳುತ್ತದೆಂದು ಹೇಳಿ ತೆಗೆಸಿತು. ಮನುಷ್ಯನ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. 'ಕಾಫಿ ತೆಗೆದುಕೊಳ್ಳುತ್ತೀರಾ?' ಎಂದರೆ ಒಪ್ಪುವುದು ಮರ್ಯಾದೆ, 'ಕಾಫಿ ಬೇಕಾಗಿತ್ತೇ?' ಎಂದರೆ ಬೇಡವೆನ್ನುವುದು ಮರ್ಯಾದೆ. ಲೋಟದಲ್ಲಿರುವ ಕಾಫಿ ಮಾತ್ರ ಒಂದೇ. ಕೊನೆಗೆ 'ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆ?' ಎಂಬಷ್ಟೇ ಉಳಿಯಿತು.

ಒಂದು ವಾಕ್ಯಕ್ಕೆ ಇಷ್ಟು ಪರೀಕ್ಷೆ. ವಾರ್ತಾವಾಚಕ ಎರಡು ವರ್ಷಗಳ ಕಾಲ ದಿನವೂ ನೂರಾರು ವಾಕ್ಯಗಳನ್ನು ಆಡುತ್ತಾನೆ. ಅವನ್ನು ತೂಗಿ ನೋಡಲು ಆಯೋಗವಿಲ್ಲ. 'ಸ್ವಾತಂತ್ರ್ಯ' ಎಂದರೆ ಒಂದು ಕಡೆಯವರ ಮಾತು. 'ಪ್ರತ್ಯೇಕವಾಗುವುದು' ಎಂದರೆ ಇನ್ನೊಂದು ಕಡೆಯವರ ಮಾತು. ಕನ್ನಡ ಪತ್ರಿಕೆಯವರಿಗೂ ಈ ಕಷ್ಟ ತಪ್ಪಲಿಲ್ಲ. ನಮ್ಮ ಕಿವಿಗೆ ಸ್ವಾತಂತ್ರ್ಯವೆಂದರೆ 1947, ಧ್ವಜ, ಉಪವಾಸ, ಸೆರೆಮನೆ. ಪ್ರತ್ಯೇಕತಾವಾದವೆಂದರೆ ತಲೆಮರೆಸಿಕೊಂಡವರು, ಕರ್ಫ್ಯೂ. ಒಂದೇ ಘಟನೆಗೆ ಈ ಎರಡು ಹೆಸರುಗಳಲ್ಲಿ ಯಾವುದನ್ನು ಆರಿಸಿದರೂ ಓದುಗನ ಅರ್ಧ ಮನಸ್ಸು ಅಲ್ಲಿಗೇ ನಿರ್ಧಾರವಾಗಿಬಿಡುತ್ತದೆ. ಮೂರನೆಯ ಮಾತೊಂದು ಭಾಷೆಯಲ್ಲಿಲ್ಲ. 'ನಾವು', 'ನಮ್ಮ', 'ರಾಷ್ಟ್ರೀಯ', 'ದೇಶಾದ್ಯಂತ' ಎಂಬ ಸಣ್ಣ ಮಾತುಗಳ ಗತಿಯೂ ಹೀಗೆಯೇ. ಲಂಡನ್ನಿನಲ್ಲಿ ಕುಳಿತವನು 'ದೇಶಾದ್ಯಂತ ಮಳೆ' ಎಂದಾಗ ಯಾವ ದೇಶ? ಹವಾಮಾನದ ವರದಿಯಲ್ಲಿ ಕೂಡ ಜನಮತಗಣನೆ ನಡೆದುಹೋಯಿತು.

ಇನ್ನು ವಾರ್ತೆ ಹೇಳುವ ಸಂಸ್ಥೆಯ ವಿಚಾರ. ಅದರ ಹೆಸರಿನ ಮೊದಲ ಅಕ್ಷರವೇ ಬ್ರಿಟಿಷ್ ಎಂಬುದು. ಬಿ.ಬಿ.ಸಿ.ಯ ಖರ್ಚಿಗೆ ಸ್ಕಾಟ್ಲೆಂಡಿನ ಪ್ರತಿ ಟೆಲಿವಿಷನ್ ಮನೆಯೂ ಆಗ ವರ್ಷಕ್ಕೆ 145 ಪೌಂಡು 50 ಪೆನ್ಸ್ ಲೈಸೆನ್ಸ್ ಹಣ ತೆರುತ್ತಿತ್ತು. ಹೌದೆನ್ನುವ ಮನೆಯೂ ತೆರುತ್ತಿತ್ತು, ಅಲ್ಲವೆನ್ನುವ ಮನೆಯೂ ತೆರುತ್ತಿತ್ತು. 2013ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಸರ್ಕಾರ ಪ್ರಕಟಿಸಿದ 670 ಪುಟಗಳ ಶ್ವೇತಪತ್ರದಲ್ಲಿ, ಸ್ವತಂತ್ರವಾದ ಮೇಲೆ ಅಲ್ಲಿನ ಬಿ.ಬಿ.ಸಿ. ಶಾಖೆಯ ಸ್ಥಾನದಲ್ಲಿ ಸ್ಕಾಟ್ಲೆಂಡಿನದೇ ಆದ ಪ್ರಸಾರ ಸಂಸ್ಥೆಯೊಂದು ಬರುವುದೆಂದು ಬರೆದಿತ್ತು. ಎಂದರೆ ಗ್ಲಾಸ್ಗೋ ನಗರದ ಪೆಸಿಫಿಕ್ ಕೀಯಲ್ಲಿರುವ ಕಟ್ಟಡದಲ್ಲಿ ಕುಳಿತು ವಾರ್ತೆ ಓದುವವರು ಯಾವ ಕುರ್ಚಿಯ ಮೇಲೆ ಕುಳಿತಿದ್ದರೋ ಆ ಕುರ್ಚಿಯ ಒಡೆತನವೂ ಅವರು ಓದುತ್ತಿದ್ದ ವಾರ್ತೆಯೊಳಗೇ ಇತ್ತು. ನ್ಯಾಯಾಧೀಶನ ಮನೆಯ ಕಾಂಪೌಂಡು ಗೋಡೆಯೇ ವ್ಯಾಜ್ಯದ ವಸ್ತುವಾದರೆ ಅವನು ಆ ಕಟ್ಲೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾನೆ. ವಾರ್ತೆಯವನು ಯಾರಿಗೆ ಬಿಟ್ಟುಕೊಡಬೇಕು? ಆ ಸಂಜೆ ಇನ್ನಾರನ್ನಾದರೂ ಹೊರದೇಶದಿಂದ ಕರೆತರುವುದೆ?

ಹೀಗಿರುವುದರಿಂದ ಅವರೆಲ್ಲ ಒಂದು ಕಡೆಗೆ ಮಾರಿಕೊಂಡಿದ್ದರೆಂದು ಹೇಳುವುದು ಸುಲಭ, ಹೇಳಿದವರೂ ಉಂಟು. ನನಗೆ ಅದು ಸೋಮಾರಿ ಮಾತಾಗಿ ಕಾಣುತ್ತದೆ. ಮನುಷ್ಯ ಹಿತಾಸಕ್ತಿಯಿಂದಲೇ ಮಾತಾಡುತ್ತಾನೆ ಎನ್ನುವುದಾದರೆ ಹಾಗೆ ಹೇಳಿದವರ ಮಾತೂ ಅದೇ ತಕ್ಕಡಿಗೆ ಬೀಳಬೇಕಲ್ಲ. ನಿಜವಾದ ತೊಂದರೆ ಕೆಟ್ಟ ಮನಸ್ಸಿನದಲ್ಲ. ಒಳ್ಳೆಯ ಮನಸ್ಸಿದ್ದೂ ಆಗುವ ವಾಲಿಕೆಯದು.

ಅದು ಹೇಗೆಂದರೆ: ಹೊಸ ಮನೆ ಕಟ್ಟುತ್ತೇನೆನ್ನುವವನನ್ನು ಎಲ್ಲರೂ ಪ್ರಶ್ನೆ ಕೇಳುತ್ತಾರೆ. ಹಣವೆಲ್ಲಿಂದ, ನೀರು ಬರುತ್ತದೆಯೆ, ಪಾಯ ಗಟ್ಟಿಯೆ, ನೆರೆಯವರು ಎಂಥವರು? ಇರುವ ಮನೆಯಲ್ಲೇ ಇರುತ್ತೇನೆನ್ನುವವನನ್ನು ಯಾರೂ ಕೇಳುವುದಿಲ್ಲ. ಆ ಮನೆಯ ತೊಲೆಗೆ ಗೆದ್ದಲು ಹಿಡಿದಿರಬಹುದು, ಅದು ವಾರ್ತೆಯಲ್ಲ. ಸ್ಕಾಟ್ಲೆಂಡಿನಲ್ಲಿ ಬೇಕೆನ್ನುವ ಕಡೆಯವರಿಗೆ ಪ್ರತಿ ಸಂಜೆಯೂ ಇಂಥ ಪ್ರಶ್ನೆಗಳು. ಪೌಂಡು ನಾಣ್ಯ ನಿಮಗೆ ಉಳಿಯುವುದೆ? (2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸಿನ ಮಂತ್ರಿ ಆಸ್‌ಬಾರ್ನ್ ಎಡಿನ್‌ಬರೋಕ್ಕೆ ಹೋಗಿ, ಉಳಿಯದೆಂದು ಹೇಳಿ ಬಂದಿದ್ದರು.) ಎಣ್ಣೆಯ ಬೆಲೆ ಇಳಿದರೇನು ಗತಿ? ಪಿಂಚಣಿ ಯಾರು ಕೊಡುತ್ತಾರೆ? ಯೂರೋಪಿನ ಒಕ್ಕೂಟ ನಿಮ್ಮನ್ನು ಸೇರಿಸಿಕೊಳ್ಳುವುದೆ? ಇವು ಕೇಳಬೇಕಾದ ಪ್ರಶ್ನೆಗಳೇ. ಕೇಳದಿದ್ದರೆ ವಾರ್ತೆಯವನು ಕರ್ತವ್ಯಭ್ರಷ್ಟ. ಆದರೆ ಇವೆಲ್ಲವೂ ಒಂದೇ ಮನೆಯ ಬಾಗಿಲನ್ನು ತಟ್ಟುವ ಪ್ರಶ್ನೆಗಳು. ಪಶ್ಚಿಮ ಸ್ಕಾಟ್ಲೆಂಡ್ ವಿಶ್ವವಿದ್ಯಾನಿಲಯದ ಜಾನ್ ರಾಬರ್ಟ್‌ಸನ್ ಎಂಬ ಅಧ್ಯಾಪಕರು ಒಂದು ವರ್ಷದ ಸಂಜೆವಾರ್ತೆಗಳನ್ನು ಕುಳಿತು ಎಣಿಸಿ, ಲೆಕ್ಕ ಬೇಡವೆನ್ನುವವರ ಕಡೆಗೆ ವಾಲಿದೆಯೆಂದು 2014ರ ಮೊದಲಲ್ಲಿ ಬರೆದರು. ಬಿ.ಬಿ.ಸಿ. ಅವರ ಎಣಿಕೆಯ ಕ್ರಮವನ್ನೇ ಒಪ್ಪಲಿಲ್ಲ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಎಣಿಸದೆಯೂ ತಿಳಿಯುವಂಥ ಒಂದು ಸಂಗತಿ ಇದೆ.

ಬೇಡವೆಂದರೆ ಯೂರೋಪಿನ ಒಕ್ಕೂಟದಲ್ಲಿ ನಾವು ಉಳಿಯುವುದು ಖಚಿತ ಎಂಬುದು ಬೇಡವೆನ್ನುವ ಕಡೆಯವರ ವಾದಗಳಲ್ಲಿ ಒಂದಾಗಿತ್ತು. ಅದಕ್ಕೂ ಮುಂಚೆ, 2013ರ ಜನವರಿಯಲ್ಲಿಯೇ, ಪ್ರಧಾನಮಂತ್ರಿ ಕ್ಯಾಮೆರನ್, ತಮ್ಮ ಪಕ್ಷ ಮತ್ತೆ ಗೆದ್ದರೆ ಯೂರೋಪಿನಲ್ಲಿ ಇರಬೇಕೆ ಬಿಡಬೇಕೆ ಎಂದು ಜನವನ್ನು ಕೇಳುವುದಾಗಿ ಮಾತು ಕೊಟ್ಟಿದ್ದರು. ಹಾಗಾದರೆ 'ಬೇಡವೆಂದ ಮೇಲೆಯೂ ಯೂರೋಪು ತಪ್ಪಿಹೋದರೇನು?' ಎಂಬ ಪ್ರಶ್ನೆ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು. ಅದನ್ನು ಎತ್ತಿದವರಿದ್ದರು, ಆದರೆ ಇನ್ನೊಂದು ಪ್ರಶ್ನೆಗಿದ್ದ ಧಾಟಿ, ಪಟ್ಟು ಅದಕ್ಕೆ ಬರಲಿಲ್ಲ. 2016ನೆಯ ಜೂನ್ 23ರಂದು ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಮಂದಿ ಯೂರೋಪಿನಲ್ಲೇ ಇರೋಣವೆಂದರೂ ಇಡೀ ರಾಜ್ಯದ ಲೆಕ್ಕದಲ್ಲಿ ಬಿಡುವ ಕಡೆಯವರೇ ಗೆದ್ದರು. 2020ರ ಜನವರಿ 31ರಂದು ಬಿಟ್ಟದ್ದೂ ಆಯಿತು. ಇರುವ ಮನೆಯ ತೊಲೆಯನ್ನು ಬಡಿದು ನೋಡುವ ಕೆಲಸ ಯಾರದಾಗಿತ್ತು? ಪ್ರಶ್ನೆ ಕೇಳುವವನು ಇಬ್ಬರಿಗೂ ಹತ್ತು ಹತ್ತು ನಿಮಿಷ ಕೊಟ್ಟನೆಂಬುದು ಗಡಿಯಾರದ ನ್ಯಾಯ. ಗಡಿಯಾರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಏನನ್ನು ಕೇಳಲಿಲ್ಲವೆಂಬುದನ್ನೂ ಅದು ಹೇಳುವುದಿಲ್ಲ.

ಎರಡು ಸಣ್ಣ ಪ್ರಸಂಗಗಳನ್ನು ನೋಡೋಣ. ಎರಡೂ ಅಲ್ಲಿ ಬಹಳ ಚರ್ಚೆಗೆ ಬಂದವು.

2014ರ ಫೆಬ್ರವರಿಯಲ್ಲಿ ಯೂರೋಪಿನ ಆಯೋಗದ ಅಧ್ಯಕ್ಷ ಬರೋಸೊ, ಸ್ವತಂತ್ರ ಸ್ಕಾಟ್ಲೆಂಡು ಒಕ್ಕೂಟವನ್ನು ಸೇರುವುದು ಬಹಳ ಕಷ್ಟವೆಂದು ಬಿ.ಬಿ.ಸಿ.ಯ ಆಂಡ್ರೂ ಮಾರ್ ಅವರಿಗೆ ಹೇಳಿದ್ದರು. ಮರುತಿಂಗಳು ಸ್ಕಾಟ್ಲೆಂಡಿನ ಮುಖ್ಯಮಂತ್ರಿ ಅಲೆಕ್ಸ್ ಸಾಲ್ಮಂಡ್ ಅದೇ ಮಾರ್ ಎದುರು ಬಂದು ಕುಳಿತರು. ಮಾತಿನ ನಡುವೆ ಮಾರ್, ಮತ್ತೆ ಸೇರುವುದು ಕಷ್ಟವೇ ಆದೀತೆಂದು ತಮಗೆ ತೋರುತ್ತದೆ ಎಂಬ ಅರ್ಥ ಬರುವಂತೆ ಆಡಿಬಿಟ್ಟರು. ಸಾಲ್ಮಂಡ್ ಬಿಡಲಿಲ್ಲ: ಇದು ಯಾರ ಅಭಿಪ್ರಾಯ, ನಿಮ್ಮದೋ ಬರೋಸೊ ಅವರದೋ? ತಮ್ಮದಲ್ಲವೆಂದು ಮಾರ್ ಹೇಳಿದರು. ಗ್ಲಾಸ್ಗೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವರು ಅವರು. ಮತ ಹುಟ್ಟಿದ ಊರಿನಿಂದಲ್ಲ, ವಾಸದಿಂದ ಬರುತ್ತಿದ್ದುದರಿಂದ, ಅಂಥವರಿಗೆ ಈ ಪ್ರಶ್ನೆಯಲ್ಲಿ ಮತವೂ ಇರಲಿಲ್ಲ; ಗ್ಲಾಸ್ಗೋದ ಸ್ಟುಡಿಯೋದಲ್ಲಿ ಕುಳಿತವನಾದರೆ ಬೆಳಗ್ಗೆ ಮತ ಹಾಕಿ ಬಂದು ಸಂಜೆ ವಾರ್ತೆ ಓದಬೇಕಾಗಿತ್ತು.

ಎರಡನೆಯದು ಇನ್ನೂ ಬಿಸಿಯಾದದ್ದು. ಸೆಪ್ಟೆಂಬರ್ 11ರಂದು ಸಾಲ್ಮಂಡ್ ಎಡಿನ್‌ಬರೋದಲ್ಲಿ ಪತ್ರಿಕಾಗೋಷ್ಠಿ ಕರೆದಿದ್ದರು. ದೊಡ್ಡ ಬ್ಯಾಂಕೊಂದು ತನ್ನ ನೋಂದಾಯಿತ ಕಚೇರಿಯನ್ನು ಲಂಡನ್ನಿಗೆ ಸಾಗಿಸುವ ಸುದ್ದಿ ಬಂದಿತ್ತು. ಬಿ.ಬಿ.ಸಿ.ಯ ರಾಜಕೀಯ ಸಂಪಾದಕ ನಿಕ್ ರಾಬಿನ್‌ಸನ್ ಅದರ ಬಗೆಗೆ ಒಂದು ಪ್ರಶ್ನೆ, ದೊಡ್ಡ ವ್ಯಾಪಾರಸ್ಥರ ಮಾತನ್ನು ಬಿಟ್ಟು ಒಬ್ಬ ರಾಜಕಾರಣಿಯ ಮಾತನ್ನು ಜನ ಏಕೆ ನಂಬಬೇಕೆಂದು ಇನ್ನೊಂದು ಪ್ರಶ್ನೆ, ಹೀಗೆ ಜೋಡಿಯಾಗಿ ಕೇಳಿದರು. ಸಾಲ್ಮಂಡ್ ಹಲವು ನಿಮಿಷ ಉತ್ತರ ಹೇಳಿದರು, ನಡುನಡುವೆ ಬಿ.ಬಿ.ಸಿ.ಯನ್ನೂ ಚುಚ್ಚಿದರು. ಸಂಜೆಯ ವಾರ್ತೆಯಲ್ಲಿ ಅದು ಕೆಲವು ಕ್ಷಣಗಳಿಗೆ ಇಳಿಯಿತು. ಸಾಲ್ಮಂಡ್ ಉತ್ತರ ಕೊಡಲಿಲ್ಲವೆಂದು ರಾಬಿನ್‌ಸನ್ ಹೇಳಿದರು. ಇಡೀ ಗೋಷ್ಠಿಯ ಚಿತ್ರವನ್ನು ಜನ ಕಂಪ್ಯೂಟರಿನಲ್ಲಿ ನೋಡಿದ್ದರು. ಮೂರು ದಿನದ ಮೇಲೆ, ಭಾನುವಾರ, ಪೆಸಿಫಿಕ್ ಕೀಯ ಕಟ್ಟಡದ ಮುಂದೆ ದೊಡ್ಡ ಗುಂಪು ಸೇರಿತು. ರಾಬಿನ್‌ಸನ್ನರನ್ನು ಕೆಲಸದಿಂದ ತೆಗೆಯಬೇಕೆಂದು ಅವರ ಮುಖವನ್ನೇ ಬರೆದ ಬಟ್ಟೆಯನ್ನು ಹಿಡಿದು ಕೂಗಿತು.

ಈ ಎರಡು ಪ್ರಸಂಗಗಳಲ್ಲಿ ಯಾವುದು ಹೆಚ್ಚು ದೋಷದ್ದು? ಅಲ್ಲಿನ ಜನ ಎರಡಕ್ಕೂ ಪಕ್ಷಪಾತವೆಂದೇ ಹೆಸರಿಟ್ಟರು. ನನಗೆ ಹಾಗೆ ತೋರುವುದಿಲ್ಲ. ಮಾರ್ ಅವರದು ಅಭಿಪ್ರಾಯ ಜಾರಿದ್ದು. ಆ ಕ್ಷಣದಲ್ಲೇ ಎದುರಿಗಿದ್ದವನು ಅದನ್ನು ಹಿಡಿದ, ಕೇಳಿದ, ಎಲ್ಲರೂ ನೋಡಿದರು. ಜಾರಿದ ಅಭಿಪ್ರಾಯ ಬೆಳಕಿನಲ್ಲಿ ಬಿದ್ದಿತು. ಅದರಿಂದ ನೋಡುವವನಿಗೆ ಒಂದು ಲಾಭವೂ ಆಯಿತೆನ್ನಬಹುದು: ಇವರ ಒಲವು ಈ ಕಡೆಗಿದ್ದೀತು, ಅದನ್ನು ಕಳೆದು ಕೇಳಿಕೊಳ್ಳೋಣ ಎಂದು. ರಾಬಿನ್‌ಸನ್ ಅವರದು ಅಭಿಪ್ರಾಯವಲ್ಲ, ವರದಿ. ಕೊಟ್ಟ ಉತ್ತರ ಸಾಲದು, ಜಾಣತನದ್ದು, ವಿಷಯಾಂತರದ್ದು ಎಂದಿದ್ದರೆ ಅದು ಅವರ ವಿಮರ್ಶೆ, ಒಪ್ಪುವವರು ಒಪ್ಪುತ್ತಿದ್ದರು. 'ಉತ್ತರ ಕೊಡಲಿಲ್ಲ' ಎಂದರೆ ನಡೆದ ಸಂಗತಿಯ ಮೇಲೇ ಕೈ ಇಟ್ಟಂತಾಯಿತು. ಆ ಎರಡು ಮಾತು ಅವರ ಮನಸ್ಸಿನ ಕೇಡಿನಿಂದ ಬಂದವೆಂದು ನಾನು ನಂಬುವುದಿಲ್ಲ. ಸಂಜೆಯ ಆತುರ, ನಾಲ್ಕು ವಾಕ್ಯಗಳಲ್ಲಿ ಮುಗಿಸಬೇಕೆಂಬ ಕಟ್ಟು, ಇವುಗಳೂ ಸೇರಿರಬೇಕು. ಮುಂದೆ ಅವರೇ ಆ ಮಾತಿಗಾಗಿ ವಿಷಾದಪಟ್ಟರು. ಇನ್ನು ಆ ಬಟ್ಟೆ ಹಿಡಿದ ಗುಂಪಿನ ವಿಚಾರ. ಪ್ರತಿಭಟಿಸುವುದು ಅವರ ಹಕ್ಕು. ಆದರೆ ಒಬ್ಬ ವರದಿಗಾರನ ಮುಖವನ್ನು ದೊಡ್ಡದಾಗಿ ಬರೆದು ಬೀದಿಯಲ್ಲಿ ಹೊತ್ತಾಗ, ನಾಳೆ ಪ್ರಶ್ನೆ ಕೇಳಬೇಕಾದ ಇತರರ ನಾಲಗೆಗೂ ಅಷ್ಟು ಭಾರ ಕಟ್ಟಿದಂತಾಯಿತು. ಹೆದರಿದವನು ಸಮದೂರದಲ್ಲಿ ನಿಲ್ಲಬಹುದು, ಅದು ನಿಷ್ಪಕ್ಷಪಾತವಲ್ಲ.

ಇಲ್ಲಿ ಹಳೆಯ ನೈತಿಕ ಪ್ರಶ್ನೆಯೊಂದು ಏಳುತ್ತದೆ. ಮನಸ್ಸಿನಲ್ಲಿ ಒಂದು ಒಲವಿಟ್ಟುಕೊಂಡು, ಮುಖದ ಮೇಲೆ ಏನೂ ಇಲ್ಲದಂತೆ ಕುಳಿತು ಓದುವುದು ಕಪಟವಲ್ಲವೆ? ಹೊರಗೊಂದು ಒಳಗೊಂದು ಆಗಬಾರದೆಂದು ನಮ್ಮ ಶರಣರು ದಾಸರು ಹೇಳಿ ಹೇಳಿ ದಣಿದರು. ಒಳಗಿದ್ದುದನ್ನು ಹೊರಗೆ ಆಡುವುದೇ ಸತ್ಯವಾದರೆ, ಪ್ರತಿ ವಾರ್ತಾವಾಚಕನೂ ಮೊದಲು ತನ್ನ ಮತ ಯಾವ ಕಡೆಗೆಂದು ಹೇಳಿ ಆಮೇಲೆ ವಾರ್ತೆ ಓದಬೇಕಲ್ಲವೆ? ಹೀಗೆ ವಾದಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ನಮ್ಮಲ್ಲಂತೂ ಹಲವು ವಾಹಿನಿಗಳ ನಿರೂಪಕರು ಅದನ್ನು ಕೂಗಿ ಹೇಳುವ ಮಟ್ಟಕ್ಕೆ ಮುಟ್ಟಿದ್ದಾರೆ. ಆದರೆ ಮೌನ ಸುಳ್ಳಲ್ಲ. ಮತಪೆಟ್ಟಿಗೆಯ ಮುಂದೆ ಪರದೆ ಕಟ್ಟುವುದು ಮತದಾರ ಕಪಟಿಯೆಂದಲ್ಲ. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲದಂತೆ ಮಾಡುವುದು ಅಧ್ಯಾಪಕರೆಲ್ಲ ದುಷ್ಟರೆಂದಲ್ಲ. ಒಳ್ಳೆಯವರಿಗೂ ಮಮತೆ ಇರುತ್ತದೆಯೆಂದು. (ಕೈಬರಹ ಗುರುತು ಸಿಕ್ಕಿದಾಗ ಪೆನ್ಸಿಲು ಹೇಗೆ ಒಂದು ಕ್ಷಣ ತಡೆಯುತ್ತದೆಂಬುದನ್ನು ಬಲ್ಲ ಅಧ್ಯಾಪಕರು ಬಲ್ಲರು.) ಒಲವನ್ನು ಮುಚ್ಚಿಡುವುದು ಬೇರೆ; ಒಲವೇ ಇಲ್ಲವೆಂದು ನಂಬಿಸುವುದು ಬೇರೆ. ಮೊದಲನೆಯದು ಸಂಯಮ, ಎರಡನೆಯದು ನಟನೆ. ಬಿ.ಬಿ.ಸಿ.ಯಂಥ ಸಂಸ್ಥೆಗಳು ಇವೆರಡರ ನಡುವಣ ಗೆರೆಯನ್ನು ಹಲವು ಸಲ ಮರೆತವೆಂದು ನನ್ನ ಅನಿಸಿಕೆ. ದಡದ ಮೇಲೆ ನಿಂತಿದ್ದೇವೆಂದು ಹೇಳಿಕೊಂಡದ್ದರಿಂದಲೇ ಅವರ ಒದ್ದೆ ಕಾಲು ಎಲ್ಲರ ಕಣ್ಣಿಗೆ ಬಿದ್ದದ್ದು.

ಕೆನಡಾ ದೇಶದ ಕ್ವೆಬೆಕ್ಕಿನ ಕಥೆ ಇದಕ್ಕಿಂತ ಬಿಚ್ಚುಮನಸ್ಸಿನದು; ಅಲ್ಲಿ ಗೆರೆಯನ್ನು ಕಾನೂನಿನಲ್ಲೇ ಬರೆದಿದ್ದರು. 1968ರ ಪ್ರಸಾರ ಶಾಸನದ ಪ್ರಕಾರ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ರಾಷ್ಟ್ರೀಯ ಐಕ್ಯವನ್ನು ಬೆಳೆಸಲು ನೆರವಾಗಬೇಕು. ಆ ಸಂಸ್ಥೆಯ ಫ್ರೆಂಚ್ ಶಾಖೆಯಾದ ರೇಡಿಯೊ ಕೆನಡಾದಲ್ಲಿ ದುಡಿಯುವವನು ಐಕ್ಯ ಬೇಡವೆನ್ನುವವರ ಸುದ್ದಿಯನ್ನು ನ್ಯಾಯವಾಗಿ ಹೇಳಿದರೆ ಕಾನೂನಿಗೆ ವಿರೋಧವೆ, ಅನುಗುಣವೆ? 1977ರಲ್ಲಿ ಒಟ್ಟಾವದ ಸರ್ಕಾರಕ್ಕೆ ಈ ಫ್ರೆಂಚ್ ವಾರ್ತೆಯವರು ಪ್ರತ್ಯೇಕತೆಯ ಕಡೆಗೆ ವಾಲಿದ್ದಾರೆಂಬ ಸಂಶಯ ಬಂದು ವಿಚಾರಣೆಯನ್ನೂ ನಡೆಸಿತು. ಇಂಗ್ಲಿಷ್ ವಾರ್ತೆ ಫ್ರೆಂಚರ ಸುದ್ದಿಯನ್ನೂ, ಫ್ರೆಂಚ್ ವಾರ್ತೆ ಇಂಗ್ಲಿಷರ ಸುದ್ದಿಯನ್ನೂ ಬಹಳ ಕಡಿಮೆ ಹೇಳುತ್ತವೆಂಬುದು ಅದರಲ್ಲಿ ಹೊರಬಿದ್ದ ದೊಡ್ಡ ಮಾತು. 1991ರಲ್ಲಿ ಹೊಸ ಶಾಸನ ಬಂದಾಗ 'ರಾಷ್ಟ್ರೀಯ ಐಕ್ಯ' ಎಂಬುದು ಹೋಗಿ, ರಾಷ್ಟ್ರದ ಹಂಚಿಕೊಂಡ ಅರಿವು ಎಂಬ ಅರ್ಥದ ಮೆತ್ತನೆಯ ಮಾತು ಬಂದಿತು. ಅಂಚಿನಲ್ಲಿದ್ದ ಮುಳ್ಳನ್ನು ಸ್ವಲ್ಪ ಬಗ್ಗಿಸಿದಂತೆ.

ಆ ನಾಡಿನಲ್ಲಿ ಇನ್ನೊಂದು ವಿಶೇಷವಿತ್ತು. 1980ರ ಮೊದಲನೆಯ ಜನಮತಗಣನೆಯಲ್ಲಿ ಬೇಕೆನ್ನುವ ಕಡೆಯ ನಾಯಕ ರೆನೆ ಲೆವೆಕ್ ಒಂದು ಕಾಲಕ್ಕೆ ಟೆಲಿವಿಷನ್ನಿನ ನಿರೂಪಕನಾಗಿದ್ದವನು. 1956ರಿಂದ 1959ರವರೆಗೆ ರೇಡಿಯೊ ಕೆನಡಾದಲ್ಲಿ ಕಪ್ಪುಹಲಗೆ, ಭೂಪಟ, ಒಂದು ಕೋಲು ಹಿಡಿದು, ಜಗತ್ತಿನ ಸಮಾಚಾರವನ್ನು ಪಾಠ ಹೇಳುವಂತೆ ಹೇಳುತ್ತಿದ್ದ. 1958ರ ಡಿಸೆಂಬರಿನ ಕೊನೆಯಲ್ಲಿ ಫ್ರೆಂಚ್ ಶಾಖೆಯ ನಿರ್ಮಾಪಕರು ಮುಷ್ಕರ ಹೂಡಿದರು. ಎರಡು ತಿಂಗಳಿಗೂ ಮಿಕ್ಕಿ ನಡೆಯಿತು. ಇಂಗ್ಲಿಷ್ ಶಾಖೆಗೆ ಹೀಗಾಗಿದ್ದರೆ ಒಟ್ಟಾವ ಇಷ್ಟು ದಿನ ಸುಮ್ಮನಿರುತ್ತಿತ್ತೆ ಎಂಬ ಕಹಿ ಅವನ ಮನಸ್ಸಿನಲ್ಲಿ ನಿಂತಿತು. ವಾರ್ತೆಯ ದಡದಿಂದ ಅವನು ಹೊಳೆಗೆ ಇಳಿದದ್ದು ಹಾಗೆ. ಇಳಿದದ್ದನ್ನು ಎಲ್ಲರಿಗೂ ಕಾಣುವಂತೆ ಇಳಿದ, ನಿರೂಪಕನ ಕುರ್ಚಿಯನ್ನು ಬಿಟ್ಟು ಇಳಿದ. ಇದು ನನಗೆ ಮೆಚ್ಚಿಗೆಯ ನಡತೆ. 1980ರ ಮೇ 20ರಂದು ನೂರಕ್ಕೆ 59.56 ಮಂದಿ ಬೇಡವೆಂದರು, ಅವನು ಸೋತ.

ಎರಡನೆಯ ಸಲ, 1995ರ ಅಕ್ಟೋಬರ್ 30ರಂದು, ನಿಜವಾಗಿಯೂ ಕೂದಲೆಳೆಯ ಅಂತರ. ಬೇಡ 50.58, ಬೇಕು 49.42, ವ್ಯತ್ಯಾಸ 54,288 ಮತ. ತಿರಸ್ಕೃತವಾದ ಮತಪತ್ರಗಳೇ 86 ಸಾವಿರ ದಾಟಿದ್ದವು. ನೂರಕ್ಕೆ 93 ಮಂದಿಗೂ ಹೆಚ್ಚು ಮತ ಹಾಕಿದ್ದರು. ರಾತ್ರಿಯ ಮೊದಲ ಎಣಿಕೆಯಲ್ಲಿ ಬೇಕೆನ್ನುವವರು ಮುಂದಿದ್ದರು. ಮಾಂಟ್ರಿಯಲ್ ನಗರದ ಲೆಕ್ಕ ಬರುತ್ತ ಬರುತ್ತ ಗೆರೆ ಇತ್ತ ಸರಿಯಿತು. ರೇಡಿಯೊ ಕೆನಡಾದಲ್ಲಿ ಆ ರಾತ್ರಿ ಕುಳಿತಿದ್ದವರು ಬರ್ನಾರ್ ಡೆರೋಮ್. ಚುನಾವಣೆಯ ರಾತ್ರಿಗಳಲ್ಲಿ ಅವರು ಆಡುತ್ತಿದ್ದ ಒಂದು ಮಾತು ಆ ನಾಡಿನಲ್ಲಿ ಗಾದೆಯಂತಾಗಿದೆ; ಕನ್ನಡದಲ್ಲಿ ಹೇಳುವುದಾದರೆ 'ಈ ಒಲವು ಹೀಗೆಯೇ ಮುಂದುವರಿದರೆ' ಎಂದು. ಆ ಮಾತಿನ ಕೊನೆಯಲ್ಲಿರುವ 'ಅರೆ' ಪ್ರತ್ಯಯವನ್ನು ಗಮನಿಸಿ. 'ಬಂದರೆ', 'ಹೋದರೆ' ಎಂಬಂಥ ರೂಪಗಳನ್ನು ನಮ್ಮ ವ್ಯಾಕರಣದಲ್ಲಿ ಪಕ್ಷಾರ್ಥಕವೆನ್ನುವುದುಂಟು. ನೋಡಿ, ಪಕ್ಷಪಾತದಲ್ಲಿರುವ ಪಕ್ಷವೇ ಇಲ್ಲಿಯೂ ಇದೆ. ಆದರೆ ಇಲ್ಲಿ ಅದು ಒಂದು ಕಡೆಗೆ ಬೀಳುವುದಿಲ್ಲ, ಇನ್ನೊಂದು ಸಾಧ್ಯತೆಗೂ ಬಾಗಿಲು ತೆರೆದಿಟ್ಟಿರುತ್ತದೆ. ಇದು ಬರಿಯ ಎಚ್ಚರಿಕೆಯಲ್ಲ. ಕೇಳುವವನ ಮೇಲಿನ ಗೌರವವೂ ಹೌದು. ನಿನಗೆ ತಿಳಿದಿರುವಷ್ಟೇ ನನಗೂ ತಿಳಿದಿದೆ, ಅದಕ್ಕಿಂತ ಹೆಚ್ಚು ತಿಳಿದವನಂತೆ ನಾನು ನಟಿಸುವುದಿಲ್ಲ ಎಂಬುದು ಆ 'ಅರೆ'ಯಲ್ಲಿದೆ.

ವಾರ್ತೆ ಹೇಳುವವರ ಮಾತು ಬಂದಾಗ ನಮ್ಮವರು ಸಂಜಯನನ್ನು ನೆನೆಯುತ್ತಾರೆ. ನೆನೆಯುವುದು ಸರಿಯೇ, ಆದರೆ ಸಂಜಯ ತಟಸ್ಥನಲ್ಲ. ಅವನು ಉಣ್ಣುತ್ತಿದ್ದುದು ಧೃತರಾಷ್ಟ್ರನ ಅನ್ನ. ಅಷ್ಟಿದ್ದೂ, ಈ ಕೇಡು ನಿನ್ನಿಂದಲೇ ಆದದ್ದೆಂದು ರಾಜನ ಮುಖಕ್ಕೇ ಹೇಳುತ್ತಾನೆ. ವ್ಯಾಸಭಾರತದಲ್ಲಿ ಅವನು ಮೊದಲು ರಣರಂಗದಿಂದ ಓಡಿ ಬಂದು ಭೀಷ್ಮ ಬಿದ್ದನೆಂಬ ಸುದ್ದಿಯನ್ನು ಹೇಳಿ, ಆಮೇಲೆ ಹತ್ತು ದಿನದ ಯುದ್ಧವನ್ನು ವಿವರಿಸುತ್ತಾನೆ. ರಾಜನಿಗೆ ಹಿತವಾಗಲೆಂದು ಸಾವನ್ನು ಕಥೆಯ ಕೊನೆಗೆ ಬಚ್ಚಿಡುವುದಿಲ್ಲ. ಅವನಲ್ಲಿ ಒಲವಿದೆ, ಅಭಿಪ್ರಾಯವಿದೆ, ಸಂಬಳವಿದೆ. ಇಲ್ಲದ್ದು ಒಂದೇ: ಬಿದ್ದವನನ್ನು ನಿಂತಿದ್ದಾನೆನ್ನುವ ಗುಣ. ನಿಷ್ಪಕ್ಷಪಾತವನ್ನು ನಾವು ಮುಖದಲ್ಲಿ ಹುಡುಕುತ್ತೇವೆ, ಸ್ವರದಲ್ಲಿ ಹುಡುಕುತ್ತೇವೆ. ಅದು ಇರಬೇಕಾದದ್ದು ಸಂಗತಿಯಲ್ಲಿ.

ಆದರೆ ಸಂಜಯನ ಹೋಲಿಕೆ ಒಂದು ಕಡೆ ನಿಲ್ಲುತ್ತದೆ, ಅದನ್ನು ಹೇಳದೆ ಬಿಡಲಾಗದು. ಅವನಿಗೆ ಇದ್ದವನು ಒಬ್ಬ ಶ್ರೋತೃ. ಆ ಶ್ರೋತೃವಿನ ಕೈಯಲ್ಲಿ ಆಗ ಮಾಡಲು ಏನೂ ಉಳಿದಿರಲಿಲ್ಲ. ಸಂಜಯ ಹೇಗೆ ಹೇಳಿದರೂ ಕರ್ಣನ ರಥದ ಗಾಲಿ ಹೂಳುವುದು ಹೂಳುತ್ತಿತ್ತು. ಟೆಲಿವಿಷನ್ನಿನ ಸಂಜಯ ಹೇಳುತ್ತಿರುವುದು ಯುದ್ಧದಲ್ಲಿರುವವರಿಗೇ. 51-49 ಎಂಬ ಆ ಸಮೀಕ್ಷೆ ವಾರ್ತೆಯಾದ ಮೂರನೆಯ ದಿನ, ಸೆಪ್ಟೆಂಬರ್ 10ರಂದು, ಲಂಡನ್ನಿನ ಮೂರು ಪಕ್ಷಗಳ ನಾಯಕರು ಪಾರ್ಲಿಮೆಂಟಿನ ಪ್ರಶ್ನೋತ್ತರದ ಹೊತ್ತನ್ನು ಬಿಟ್ಟು ಉತ್ತರಕ್ಕೆ ಧಾವಿಸಿದರು. 16ರಂದು ಸ್ಕಾಟ್ಲೆಂಡಿಗೆ ಹೆಚ್ಚಿನ ಅಧಿಕಾರ ಕೊಡುವುದಾಗಿ ಮೂವರೂ ಸಹಿ ಮಾಡಿದ ಪ್ರತಿಜ್ಞೆ ಪತ್ರಿಕೆಯ ಮುಖಪುಟದಲ್ಲಿ ಬಂದಿತು. ಹೇಳಿದ ಸುದ್ದಿಯೇ ಮುಂದಿನ ಸುದ್ದಿಯನ್ನು ಹೆತ್ತಿತು. ಹಾಗೆಂದು ಸುದ್ದಿಯನ್ನು ಹೇಳದಿರಬೇಕಿತ್ತೆ? ಅದು ಇನ್ನೂ ದೊಡ್ಡ ವಾಲಿಕೆಯಾಗುತ್ತಿತ್ತು. ಒಂದೇ ಒಂದು ಸಮೀಕ್ಷೆಯೆಂಬುದನ್ನೂ, ಎರಡು ಅಂಕದ ಅಂತರ ಇಂಥ ಎಣಿಕೆಯಲ್ಲಿ ಅಂತರವೇ ಅಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬಹುದಾಗಿತ್ತು. ಕೆಲವರು ಹೇಳಿದರು. ಆದರೆ ಗಂಟಲು ಏರಿದ್ದು 51ರ ಮೇಲೆ.

ಮತದಾನದ ದಿನ ಬೆಳಗಿನಿಂದ ರಾತ್ರಿ ಹತ್ತರವರೆಗೆ ಪರ ವಿರೋಧದ ಚರ್ಚೆಗೆ ಅಲ್ಲಿನ ನಿಯಮದಂತೆ ಬಿಡುವು. ಎಣಿಕೆಯ ರಾತ್ರಿ ಪ್ರಸಾರ ಸಂಸ್ಥೆಗಳ ಮತಗಟ್ಟೆ ಸಮೀಕ್ಷೆಯೂ ಇರಲಿಲ್ಲ. 32 ಪ್ರದೇಶಗಳಲ್ಲಿ ಮೊದಲನೆಯದಾದ ಪುಟ್ಟ ಕ್ಲಾಕ್‌ಮನನ್‌ಷೈರಿನ ಫಲಿತಾಂಶ ಬಂದದ್ದು ರಾತ್ರಿ ಒಂದೂವರೆಯ ಸುಮಾರಿಗೆ. ಅಲ್ಲಿಯವರೆಗೆ ಮೂರೂವರೆ ಗಂಟೆಯ ಕಾಲ ಹೇಳಲು ಏನೂ ಇಲ್ಲದೆ ಮಾತಾಡಬೇಕಾಗಿತ್ತು. ಟೆಲಿವಿಷನ್ನಿನವರಿಗೆ ಮೌನವೆಂದರೆ ಮರಣ. ಆದರೂ ಆ ಮೂರೂವರೆ ಗಂಟೆ, ಎರಡು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ಬಹುಶಃ ಅತ್ಯಂತ ಪ್ರಾಮಾಣಿಕವಾದವನ್ನು ಆಡಿದ ಕಾಲ. ಗೊತ್ತಿಲ್ಲ, ಇನ್ನೂ ಗೊತ್ತಿಲ್ಲ ಎಂದು ಮತ್ತೆ ಮತ್ತೆ ಹೇಳುವುದು ಅವರಿಗೆ ಅನಿವಾರ್ಯವಾಗಿತ್ತು.

ಕ್ಲಾಕ್‌ಮನನ್‌ಷೈರ್ ಬೇಡವೆಂದಿತು. ಬೆಳಗಿನ ಆರು ಗಂಟೆಯ ಹೊತ್ತಿಗೆ ಫೈಫ್‌ನ ಲೆಕ್ಕ ಬಂದು ಅನುಮಾನ ಉಳಿಯಲಿಲ್ಲ. 28 ಪ್ರದೇಶಗಳು ಬೇಡವೆಂದವು, ನಾಲ್ಕು ಬೇಕೆಂದವು. ಆ ನಾಲ್ಕರಲ್ಲಿ ಗ್ಲಾಸ್ಗೋ ಒಂದು, ನೂರಕ್ಕೆ 53.5. ರಾತ್ರಿಯೆಲ್ಲ ಪೆಸಿಫಿಕ್ ಕೀಯ ಕಟ್ಟಡದಲ್ಲಿ ಕುಳಿತು ನಾಡು ಬೇಡವೆಂದಿತೆಂದು ಹೇಳಿದವರು, ಬೆಳಗ್ಗೆ ಬಾಗಿಲು ತೆಗೆದು ಹೊರಬಂದದ್ದು ಬೇಕೆಂದು ಹೇಳಿ ಸೋತ ಊರಿಗೆ. ಹದಿನಾರು ಲಕ್ಷ ಜನ ಮನೆಗಳಲ್ಲಿ ಅದೇ ಧ್ವನಿಯನ್ನು ಕೇಳುತ್ತ ಎದ್ದಿದ್ದರು. ಇಪ್ಪತ್ತು ಲಕ್ಷ ಜನವೂ ಅದನ್ನೇ ಕೇಳುತ್ತ ಎದ್ದಿದ್ದರು. ಅದೇ ದಿನ ಮಧ್ಯಾಹ್ನ ಸಾಲ್ಮಂಡ್ ತಾವು ಅಧಿಕಾರ ಬಿಡುವುದಾಗಿ ಹೇಳಿದರು. ಸಂಜೆ ಆರೂವರೆಗೆ ಮತ್ತೆ ವಾರ್ತೆಯಿತ್ತು; ಅದರ ಮೊದಲ ವಾಕ್ಯವನ್ನು ಯಾರೋ ಒಬ್ಬರು ಕುಳಿತು ಬರೆಯಬೇಕಾಗಿತ್ತು.